ಬೀಸುವ ಕಲ್ಲು, ಹಾಯುವ ಕಲ್ಲು

ಹೊಣಕೆರೆ
1 ಡಿಸೆಂಬರ್ 1997

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ದೂರದೂರದಿಂದ ಬಂದು ನೆರೆದಿರುವ ಷೇರುದಾರ ಬಂಧುಗಳೇ, ತಾಯಂದಿರೇ,

ನಾಗಮಂಗಲ–ಶ್ರೀರಂಗಪಟ್ಟಣ ಗಗನ ವೀಕ್ಷಕರ ಸಂಘದ ಹನ್ನೊಂದನೆಯ ಸರ್ವಸದಸ್ಯರ ಸಭೆಗೆ ತಮ್ಮೆಲ್ಲರಿಗೂ ಆದರದ ಸ್ವಾಗತ. ಸಂಘದ ಒಟ್ಟು ಸದಸ್ಯರು ಇಬ್ಬರು. ಒಬ್ಬ ಅಧ್ಯಕ್ಷ, ಅದು ನೀನು. ಇನ್ನೊಬ್ಬ ಕಾರ್ಯದರ್ಶಿ, ಅದು ನಾನು. ವೇದಿಕೆಯ ಮೇಲಿನ ಗಣ್ಯರು ಎಂದರೆ ನಮ್ಮ ಹಾಲಿನ ಡೇರಿಯ ಮೇಜಿನ ಮೇಲೆ ಮಲಗಿರುವ ಬೆಕ್ಕು. ಕೋರಂ ಇದೆ ಎಂದು ಭಾವಿಸಿ ಸಭೆ ಆರಂಭಿಸುತ್ತೇನೆ.

ವಾಹಿದ್, ವಿಷಯ ದೊಡ್ಡದು. ಬೆಂಗಳೂರಿನ ಹವ್ಯಾಸಿಗಳ ಪತ್ರಿಕೆ ನಿನ್ನೆ ಬಂತು. ಜನವರಿ 31, ಶನಿವಾರ ಸಂಜೆ ಒಂದು ಕ್ಷುದ್ರಗ್ರಹ ಭೂಮಿಯ ಪಕ್ಕದಲ್ಲೇ ಹಾದುಹೋಗುತ್ತದಂತೆ. ಪಕ್ಕದಲ್ಲಿ ಎಂದರೆ ಐದೂವರೆ ಲಕ್ಷ ಕಿಲೋಮೀಟರ್, ಚಂದ್ರನಿಗಿಂತ ಸ್ವಲ್ಪ ಆಚೆ. ಆಕಾಶದವರ ಲೆಕ್ಕದಲ್ಲಿ ಇದು ನಮ್ಮ ಜಗಲಿ ತುಳಿದುಕೊಂಡು ಹೋದ ಹಾಗೆ. ಕಲ್ಲಿಗೆ ಹೆಸರಿಲ್ಲ, ಬರೀ ನಂಬರು, ಪಹಣಿ ಪತ್ರಿಕೆಯಲ್ಲಿ ಸರ್ವೆ ನಂಬರು ಇರುವ ಹಾಗೆ. ಮತ್ತೆ ಇಷ್ಟು ಹತ್ತಿರ ಬರುವುದು ಅರವತ್ತು ವರ್ಷ ಬಿಟ್ಟು. ಅಷ್ಟು ಹೊತ್ತಿಗೆ ನಮ್ಮ ಸಂಘ ವಿಸರ್ಜನೆಯಾಗಿರುತ್ತದೆ.

ಹೆಸರಿಲ್ಲದ ಕಲ್ಲು, ಊರಿಲ್ಲದ ಕಲ್ಲು,
ನಮ್ಮೂರ ಮೇಲೊಂದು ಗಳಿಗೆ ನಿಲ್ಲು.

ನಿಲ್ಲುವುದಿಲ್ಲ. ಅದಕ್ಕೇ ಈ ಕಾಗದ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡು, ಆಮೇಲೆ ಇನ್ನೊಂದು ಮುಚ್ಚಿ ನೋಡು. ಹಿಂದಿನ ಗೋಡೆಯ ಮೇಲೆ ಬೆರಳು ಜರುಗಿದ ಹಾಗೆ ಕಾಣುತ್ತದೆ. ಎಷ್ಟು ಜರುಗಿತು ಎಂದು ಗೊತ್ತಾದರೆ ಬೆರಳು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಬಹುದು. ಹೊಣಕೆರೆ ಒಂದು ಕಣ್ಣು. ನಿನ್ನ ಬಾಬುರಾಯನಕೊಪ್ಪಲಿನ ಮಹಡಿ ಇನ್ನೊಂದು ಕಣ್ಣು. ಕಲ್ಲು ಹೆಬ್ಬೆರಳು, ನಕ್ಷತ್ರಗಳು ಗೋಡೆ. ಇಬ್ಬರೂ ಒಂದೇ ಕ್ಷಣದಲ್ಲಿ ನೋಡಿ ಕಲ್ಲು ಯಾವ ನಕ್ಷತ್ರದ ಪಕ್ಕ ಎಷ್ಟು ದೂರದಲ್ಲಿತ್ತು ಎಂದು ಚಿತ್ರ ಬರೆಯಬೇಕು. ಕ್ಷಣ ಯಾವುದು ಎಂದರೆ, ಆಕಾಶವಾಣಿಯಲ್ಲಿ ಸಂಜೆಯ ವಾರ್ತೆ ಶುರುವಾಗುವ ಕ್ಷಣ. ಎರಡು ಚಿತ್ರವೂ ಬಂದರೆ ಕಲ್ಲಿನ ದೂರವನ್ನು ನಾವೇ ಅಳೆದಂತೆ. ಒಂದು ಬಂದು ಇನ್ನೊಂದು ಬರದಿದ್ದರೆ ಒಕ್ಕಣ್ಣನ ಲೆಕ್ಕ, ಯಾರಿಗೂ ಬೇಡ. ಹನ್ನೊಂದು ವರ್ಷದಿಂದ ಸಂಘ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ನಮ್ಮ ಹತ್ತಿರ ಇದೊಂದಾದರೂ ಇರಲಿ.

ನಮ್ಮ ದೂರದರ್ಶಕಗಳ ಕನ್ನಡಿಗಳ ಚಿಂತೆಯಿಲ್ಲ. ಹ್ಯಾಲಿ ಧೂಮಕೇತು ಬಂದ ವರ್ಷ ಮೈಸೂರಿನಲ್ಲಿ ಒಂದೇ ಡ್ರಮ್ಮಿನ ಸುತ್ತ ನಾವಿಬ್ಬರೂ ಗಾಣದ ಎತ್ತುಗಳ ಹಾಗೆ ತಿರುಗಿ ಉಜ್ಜಿದ ಅವಳಿ ಕನ್ನಡಿಗಳು, ಎರಡರಲ್ಲೂ ಆಕಾಶ ಒಂದೇ ರೀತಿ ಕಾಣುತ್ತದೆ. ಚಿಂತೆ ನಿನ್ನ ಕೈಯದು. ನೀನು ಕನ್ನಡಕದ ಅಂಗಡಿಯವನು. ಎದುರಿಗೆ ಕೂತ ಗಿರಾಕಿಯ ಬಲಗಣ್ಣು ನಿನ್ನ ಎಡಗೈ ಕಡೆಗೆ. ಆ ಅಭ್ಯಾಸ ಆಕಾಶಕ್ಕೂ ಹತ್ತಿ, ಎಡಗಡೆ ಇರುವ ನಕ್ಷತ್ರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಬರೆಯುತ್ತೀಯ. ಹೇಳಿ ಹೇಳಿ ಸಾಕಾಗಿ ನಾನು ಈಗ ನಿನ್ನ ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದು ಬೆನ್ನ ಕಡೆಯಿಂದ ನೋಡುತ್ತೇನೆ, ಎಲ್ಲ ಸರಿಹೋಗುತ್ತದೆ. ದಯವಿಟ್ಟು ಈ ವಯಸ್ಸಿನಲ್ಲಿ ತಿದ್ದಿಕೊಳ್ಳಬೇಡ.

ಪರ್ವೀನ್‌ಗೆ ನನ್ನ ನಮಸ್ಕಾರ ತಿಳಿಸು.

ಇತಿ,
ಚಿಕ್ಕಸ್ವಾಮಿ, ಕಾರ್ಯದರ್ಶಿ
ಕನ್ನಡ ಮಾಧ್ಯಮದ ಬಿ.ಎ., ಹಾಲು ಅಳೆಯುವ ಕಲಿ


ಬಾಬುರಾಯನಕೊಪ್ಪಲು
11 ಡಿಸೆಂಬರ್ 1997

ಪ್ರಿಯ ಸ್ವಾಮಿ, ಸಲಾಂ.

ಕಾಗದ ತಲುಪಿತು. ಬೆಕ್ಕಿಗೆ ನನ್ನ ಸಲಾಂ ಹೇಳು, ಸಂಘದಲ್ಲಿ ಅದೊಂದೇ ಜಗಳ ಆಡದೆ ಇರುವುದು.

ಕಲ್ಲಿನ ಸಂಗತಿ ಓದಿ ಖುಷಿಯಾಯಿತು. ಆದರೆ ಒಂದು ಮಾತು. ಈಗ ಕಬ್ಬಿನ ಸೀಸನ್ನು. ಪಾಂಡವಪುರದ ಕಡೆಯ ಆಲೆಮನೆಗಳ ಹೊಗೆಯೆಲ್ಲ ಬಂದು ನಮ್ಮ ಮೇಲೇ ಕೂತುಕೊಳ್ಳುತ್ತದೆ. ನಕ್ಷತ್ರಗಳು ಮಬ್ಬು. ಮೈಸೂರು ರೋಡಿನ ದೀಪಗಳ ಸುತ್ತ ಬಳೆ ತೊಡಿಸಿದ ಹಾಗೆ ಕಾಣುತ್ತದೆ. ಈ ವರ್ಷ ಹೊಗೆ ಹೆಚ್ಚು.

ಅದಕ್ಕೇ ಯೋಚನೆ ಮಾಡುತ್ತಿದ್ದೆ, ಮೈಸೂರಿನಲ್ಲಿ ಕಾಲೇಜು ಹುಡುಗರು ಬೇಕಾದಷ್ಟು ಇದ್ದಾರೆ, ಅವರಲ್ಲಿ ಯಾರಾದರೂ ಎರಡನೇ ಕಣ್ಣಾದರೆ ನಿನಗೆ ಒಳ್ಳೆಯದಲ್ಲವೇ? ನನಗೆ ಅಂಗಡಿಯಲ್ಲೂ ಕೆಲಸ. ಮುಂದಿನ ತಿಂಗಳು ರಂಜಾನ್ ಬೇರೆ.

ಹಾಗಂತ ಆಗುವುದಿಲ್ಲ ಅಂತ ಹೇಳುತ್ತಿಲ್ಲ. ನೋಡೋಣ.

ನಿನ್ನ,
ವಾಹಿದ್


ಹೊಣಕೆರೆ
20 ಡಿಸೆಂಬರ್ 1997

ಸಭಿಕರೇ,

ಅಧ್ಯಕ್ಷರು ರಾಜೀನಾಮೆಯ ವಾಸನೆಯಿರುವ ಪತ್ರವೊಂದನ್ನು ಸಲ್ಲಿಸಿದ್ದಾರೆ. ಅದನ್ನು ಸಭೆ ಒಮ್ಮತದಿಂದ ತಿರಸ್ಕರಿಸಿದೆ.

ಹೊಗೆಯಂತೆ ಹೊಗೆ! ಹನ್ನೊಂದು ವರ್ಷದಿಂದ ಪಾಂಡವಪುರದಲ್ಲಿ ಬೆಲ್ಲ ಕಾಯಿಸುತ್ತಿಲ್ಲವೇ? ಆಗೆಲ್ಲ ಕಾಣದ ಹೊಗೆ ಈಗ ಯಾಕೆ ಕಾಣುತ್ತದೆ? ವಾಹಿದ್, ನಾನು ಹಾಲಿನ ಡೇರಿಯಲ್ಲಿ ಕೂತಿರುವವನು. ಯಾರು ನೀರು ಬೆರೆಸಿದ್ದಾರೆ ಎಂದು ಕ್ಯಾನು ಇಳಿಸುವ ರೀತಿಯಲ್ಲೇ ಹೇಳಬಲ್ಲೆ. ಪೇಟೆ ಬೀದಿಯ ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿದೆಯಲ್ಲ, ಅಂದಿನಿಂದ ನಿನಗೆ ನೆಲದ ಮೇಲಿನ ಗಾಜೇ ಸಾಕಾಗಿದೆ. ಆಕಾಶ ಬೇಜಾರಾಗಿದ್ದರೆ ಬೇಜಾರು ಅಂತ ಹೇಳು, ಹೊಗೆಯ ಮೇಲೆ ಹಾಕಬೇಡ.

ಹೊಗೆಯೆಂಬ ನೆಪ ಹೂಡಿ ಒಳಗೆ ಕೂರುವ ಗೆಳೆಯ,
ಬಗೆಹರಿಯಲಿ ಬಿಡು, ಬಂದು ಏರು ಮಹಡಿಯ ತಳಿಯ.

ಎರಡನೆಯ ಸಾಲು ಸ್ವಲ್ಪ ಕುಂಟುತ್ತದೆ. ಸಿಟ್ಟಿನಲ್ಲಿ ಬರೆದದ್ದು.

ಈಗ ಸಂತೋಷದ ವಿಷಯ. ನಮ್ಮ ರಂಜಿತಳ ಮದುವೆ ಗೊತ್ತಾಯಿತು. ಹುಡುಗ ಕೆ.ಆರ್. ಪೇಟೆಯವನು, ಕಿಶನ್ ಅಂತ, ಟ್ರಾಕ್ಟರ್ ಬಿಡಿಭಾಗಗಳ ಅಂಗಡಿ. ಫೆಬ್ರವರಿ 2, ಸೋಮವಾರ, ನಮ್ಮ ಮನೆಯ ಮುಂದೆಯೇ ಚಪ್ಪರ. ತಾರೀಕು ಕೇಳಿದೊಡನೆ ಪ್ರಮೀಳಾ ಅಡಿಗೆಮನೆಯಿಂದಲೇ ವಿಚಾರಣೆ ಶುರುಮಾಡಿದಳು.

“ರೀ, ನಿಮ್ ಕಲ್ಲು ಅವತ್ತೇ ಬೀಳಲ್ವಲ್ಲ?”

“ಬೀಳೋದಿಲ್ಲ ಕಣೆ. ಹಾಯ್ತದೆ. ಅದೂ ಎರಡು ದಿನ ಮುಂಚೆ, ಶನಿವಾರ.”

“ಅಂಗಾದ್ರೆ ಬಂದೋಗ್ಲಿ ಬುಡಿ. ಊಟಕ್ಕೇನೂ ನಿಲ್ಲಲ್ವಲ್ಲ.”

ನೀನೂ ಪರ್ವೀನೂ ಮದುವೆಗೆ ಬರಲೇಬೇಕು. ಅದಕ್ಕೂ ಮೊದಲು ಒಂದು ಅಭ್ಯಾಸ. ಜನವರಿ 4ರ ಸಂಜೆ ವಾರ್ತೆ ಶುರುವಾದಾಗ ಕೃತ್ತಿಕೆಯನ್ನು ನೋಡಿ ಬರೆದು ಕಳಿಸು. ಕಳಿಸದಿದ್ದರೆ ನಿನ್ನ ಜಾಗಕ್ಕೆ ಬೆಕ್ಕನ್ನು ಅಧ್ಯಕ್ಷನನ್ನಾಗಿ ಮಾಡಲಾಗುವುದು.

ಚಿಕ್ಕಸ್ವಾಮಿ


ಬಾಬುರಾಯನಕೊಪ್ಪಲು
9 ಜನವರಿ 1998

ಪ್ರಿಯ ಸ್ವಾಮಿ,

ರಂಜಿತಳ ಮದುವೆ ಅಂತ ಕೇಳಿ ಮನೆಯವರೆಲ್ಲ ಕುಣಿದಾಡಿದೆವು. ನಾನು ಎತ್ತಿಕೊಂಡಾಗ ನನ್ನ ಕನ್ನಡಕ ಕಿತ್ತು ಬಾವಿಗೆ ಎಸೆದ ಮಗು ಅದು. ಪರ್ವೀನ್ ಮೆಹಂದಿ ಹಾಕುವುದು ತಾನೇ ಅಂತ ಈಗಲೇ ಹೇಳಿದ್ದಾಳೆ. ನಮ್ಮ ಕೇರಿಯ ಮದುವೆಗಳಿಗೆಲ್ಲ ಅವಳೇ ತಾನೇ ಹಾಕುವುದು.

ಕೃತ್ತಿಕೆಯ ಚಿತ್ರ ಇದರೊಳಗಿದೆ. ರೋಜಾದ ಉಪವಾಸ ಬಿಟ್ಟು, ನಮಾಜು ಮುಗಿಸಿ, ಖರ್ಜೂರ ಬಾಯಲ್ಲಿಟ್ಟುಕೊಂಡೇ ಮಹಡಿ ಹತ್ತಿದೆ. ಆಕಾಶ ಬೇಜಾರಾಗಿದೆ ಅಂತ ಬರೆದೆಯಲ್ಲ, ಆ ಸಾಲನ್ನು ಎರಡು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಹಾಗಲ್ಲ ಸ್ವಾಮಿ. ಅಷ್ಟೇ ಹೇಳಬಲ್ಲೆ.

ಪಾಂಡವಪುರದಲ್ಲಿ ಕಣ್ಣಿನ ಶಿಬಿರ ಇದೆ. ಯಾವಾಗಿನ ಹಾಗೆ ಕನ್ನಡಕ ಕೊಡುವ ಮೇಜು ನನ್ನದೇ. ಎರಡು ದಿನ ಅಲ್ಲೇ ಇರುತ್ತೇನೆ.

ವಾಹಿದ್


ಹೊಣಕೆರೆ
26 ಜನವರಿ 1998

ಮಹನೀಯರೇ, ಮಹಿಳೆಯರೇ, ಗಣರಾಜ್ಯದ ಪ್ರಜೆಗಳೇ,

ಕೃತ್ತಿಕೆ ಬಂತು. ಎಂದಿನಂತೆ ಎಡಬಲ ಉಲ್ಟಾ, ಎಂದಿನಂತೆ ನಕ್ಷತ್ರಗಳು ತುಳಿದ ಸಾಸಿವೆ. ಟ್ಯೂಬ್‌ಲೈಟಿಗೆ ಹಿಡಿದೆ, ಸರಿಹೋಯಿತು. ಮನಸ್ಸಿಗೆ ನೆಮ್ಮದಿ. ನನ್ನ ಹಳೆಯ ವಾಹಿದ್ ಎಲ್ಲೂ ಹೋಗಿಲ್ಲ.

ಆದರೆ ಹೊಣಕೆರೆಯ ವೀಕ್ಷಣಾಲಯದಲ್ಲಿ ಸಣ್ಣದೊಂದು ಬಿಕ್ಕಟ್ಟು ತಲೆದೋರಿದೆ. ನನ್ನ ದೂರದರ್ಶಕ ಕೂತಿರುವುದು ಬೀಸುವ ಕಲ್ಲಿನ ಮೇಲೆ ಎಂಬುದು ನಿನಗೆ ಗೊತ್ತೇ ಇದೆ. ಅಡಿಕಲ್ಲು ಅಲುಗುವುದಿಲ್ಲ, ಮೇಲಿನ ಕಲ್ಲಿಗೆ ಪೆಟ್ಟಿಗೆ ಕಟ್ಟಿ, ಪೆಟ್ಟಿಗೆಯಲ್ಲಿ ಪೈಪು ಇಟ್ಟು, ಗೂಟ ಹಿಡಿದು ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತದೆ. ರಾಗಿ ಬೀಸಿ ಬೀಸಿ ಮೂರು ತಲೆಮಾರು ನುಣುಪು ಮಾಡಿದ ಕಲ್ಲು. ಜಗತ್ತಿನ ಯಾವ ವೀಕ್ಷಣಾಲಯದಲ್ಲೂ ಇಂಥ ಪೀಠವಿಲ್ಲ.

ಮೊನ್ನೆ ನಮ್ಮವ್ವ ಪುಟ್ಟತಾಯಮ್ಮ ಹಿತ್ತಲಿಗೆ ಬಂದಳು.

“ಏನ್ಲಾ ಇದು, ಬೀಸೋ ಕಲ್ ಮ್ಯಾಲೆ ಇನ್ನೂವೆ ಪೈಪ್ ಕೂರ್ಸಿದ್ದೀಯೆ? ಇಳಿಸ್ಲಾ. ಶುಕ್ರವಾರ ಶಾಸ್ತ್ರ ಅದೆ.”

“ಯಾವ ಶಾಸ್ತ್ರ ಅವ್ವ?”

“ನಿನ್ ಮದ್ವೇಲಿ ಮಾಡ್ದದ್ದೇ. ಐದ್ ಜನ ಮುತ್ತೈದೇರು ಕಲ್ಲಿಗೆ ಕಂಕಣ ಕಟ್ಟಿ ಅರಿಸ್ಣ ಬೀಸ್ಬೇಕು. ಆಗ್ಲೂ ನೀನು ಆಕಾಸ ನೋಡ್ತಾ ಕೂತಿದ್ದೆ, ಅದ್ಕೇ ಗೊತ್ತಿಲ್ಲ.”

“ಶುಕ್ರವಾರ ಬೀಸ್ಕೊಳ್ಳಿ. ಶನಿವಾರ ಸಂಜೆ ಒಂದರ್ಧ ಗಂಟೆ ನನಗೆ ಕೊಟ್ಬುಡಿ.”

“ಕಂಕಣ ಕಟ್ಟುದ್ಮೇಲೆ ಅದು ಕಲ್ಲಲ್ಲ ಕಣ್ಲಾ, ದೇವ್ರು. ಮದ್ವೆ ಮುಗಿಯೋಗಂಟ ಅಲುಗ್ಸಂಗಿಲ್ಲ.”

“ಅವ್ವ, ಇದು ಅರವತ್ತು ವರ್ಷಕ್ಕೊಂದ್ ಸಾರಿ ಬರೋದು.”

“ಮಗಳ ಮದ್ವೆ ಎಷ್ಟು ವರ್ಸಕ್ಕೊಂದ್ ಸಾರಿ ಬರ್ತದ್ಲಾ?”

ಈ ಪ್ರಶ್ನೆಗೆ ಖಗೋಳಶಾಸ್ತ್ರದಲ್ಲಿ ಉತ್ತರವಿಲ್ಲ. ಬೇರೆ ಪೀಠ ಹುಡುಕಿದೆ. ಒರಳು ತಿರುಗುವುದಿಲ್ಲ, ಗಾಡಿಯ ಚಕ್ರ ಅಲ್ಲಾಡುತ್ತದೆ, ಹಾಲಿನ ಕ್ಯಾನಿನ ಮೇಲಿಟ್ಟರೆ ಪೈಪು ಬೀಗರ ಮನೆಯ ಕಡೆಗೇ ವಾಲುತ್ತದೆ.

ಕೊನೆಗೆ ಪ್ರಮೀಳಾ ನಡುವೆ ಬಂದು ಅತ್ತೆಗೂ ಗಂಡನಿಗೂ ಒಂದು ಒಪ್ಪಂದ ಮಾಡಿಸಿದಳು. ಕಲ್ಲು ಚಪ್ಪರದ ಮೂಡಲ ಅಂಚಿನಲ್ಲಿ ಇರುತ್ತದೆ, ಅಲ್ಲಿ ಆಕಾಶ ತೆರೆದಿದೆ. ಶನಿವಾರ ಸಂಜೆ ಪೈಪು ಕಲ್ಲಿನ ಮೇಲೆ ಮರಳಿ ಕೂರುತ್ತದೆ. ಒಪ್ಪಂದಕ್ಕೆ ಷರತ್ತುಗಳಿವೆ. ಅವನ್ನು ನಡಾವಳಿಯಲ್ಲಿ ದಾಖಲಿಸುವ ಅಗತ್ಯ ಕಾರ್ಯದರ್ಶಿಗೆ ಕಂಡುಬಂದಿಲ್ಲ. ಹೊಣಕೆರೆಯ ಕಣ್ಣು ತೆರೆದೇ ಇರುತ್ತದೆ ಎಂದು ಮಾತು ಕೊಡುತ್ತೇನೆ.

ಬೀಸುವ ಕಲ್ಲಿಗೆ ಅರಿಸಿನ ಕುಂಕುಮ,
ಹಾಯುವ ಕಲ್ಲಿಗೆ ನಮ್ಮಯ ಸಂಭ್ರಮ.

ನಿನ್ನ ಕಣ್ಣು ತೆರೆದಿರಲಿ.

ಚಿಕ್ಕಸ್ವಾಮಿ


ಬಾಬುರಾಯನಕೊಪ್ಪಲು
30 ಜನವರಿ 1998

ಪ್ರಿಯ ಸ್ವಾಮಿ,

ಈದ್ ಮುಬಾರಕ್. ಶೀರ್‌ಖುರ್ಮಾ ಮದುವೆಗೆ ಬರುವಾಗ ತರುತ್ತೇವೆ. ಈ ಕಾಗದ ನಿನಗೆ ಮದುವೆ ಮುಗಿದ ಮೇಲೆ ತಲುಪಿದರೂ ತಲುಪಬಹುದು. ಆದರೂ ಬರೆಯಬೇಕು ಅನ್ನಿಸಿತು.

ನಿನ್ನೆ ಹಬ್ಬದ ಚಂದ್ರನನ್ನು ನೋಡುವುದಕ್ಕೆ ಬೀದಿಯವರೆಲ್ಲ ನಮ್ಮ ಮಹಡಿ ಹತ್ತಿದ್ದರು. ದೂರದರ್ಶಕದವರ ಮನೆ ಅಂದರೆ ನಮ್ಮ ಮನೆ ತಾನೇ. “ವಾಹಿದ್ ಭಾಯ್, ಎಲ್ಲದೆ ತೋರ್ಸಿ, ವಾಹಿದ್ ಭಾಯ್, ಎಲ್ಲದೆ ತೋರ್ಸಿ” ಅಂತ ಎಲ್ಲರದ್ದೂ ಒಂದೇ ಸಮ. ಮೊದಲು ನೋಡಿದವಳು ಪರ್ವೀನ್. ಬರೀ ಕಣ್ಣಲ್ಲಿ, ತೆಂಗಿನ ಮರದ ಪಕ್ಕ, ಉಗುರು ಕತ್ತರಿಸಿ ಇಟ್ಟ ಹಾಗೆ ಇದೆ ಅಂದಳು. ನಾನು ಅವಳು ತೋರಿಸಿದ ಕಡೆಗೆ ಕೈ ಮಾಡಿ ಎಲ್ಲರಿಗೂ ತೋರಿಸಿದೆ.

ನಾಳೆ ಶನಿವಾರ. ಚಿತ್ರ ಬರುತ್ತದೆ. ಮದುವೆಯ ದಿನ ನಾನೇ ಕೈಯಲ್ಲಿ ಕೊಡುತ್ತೇನೆ.

ವಾಹಿದ್


ಹೊಣಕೆರೆ
8 ಫೆಬ್ರವರಿ 1998

ವಾಹಿದ್,

ಇಂದು ಸಭಿಕರಿಲ್ಲ. ಬೆಕ್ಕನ್ನೂ ಹೊರಗೆ ಕಳಿಸಿದ್ದೇನೆ.

ಮೊದಲು ಮದುವೆಯ ಮಾತು. ನೀವಿಬ್ಬರೂ ಬಂದದ್ದು ನಮಗೆಲ್ಲ ಹಬ್ಬವಾಯಿತು. ಪರ್ವೀನ್ ರಂಜಿತಳ ಕೈಗೆ ಹಾಕಿದ ಮೆಹಂದಿಯನ್ನು ನೋಡಲು ಕೆ.ಆರ್. ಪೇಟೆಯ ಬೀಗಿತ್ತಿಯರು ಸಾಲು ನಿಂತರು. ಶೀರ್‌ಖುರ್ಮಾ ಪಂಕ್ತಿಗೆ ಬರುವ ಮೊದಲೇ ಖಾಲಿಯಾಯಿತು. ಅವ್ವ ಎರಡು ಲೋಟ ಕುಡಿದು, “ಪಾಯ್ಸಕ್ಕೆ ಇಷ್ಟೊಂದು ಗೋಡಂಬಿ ಆಕುದ್ರೆ ಮನೆ ಉಳೀತದೇನವ್ವ?” ಅಂದಳು. ನೀನು ಮದುಮಗನನ್ನು ಬಿಟ್ಟು ಪಕ್ಕದಲ್ಲಿ ನಿಂತಿದ್ದ ಅವನ ತಮ್ಮ ಲೋಕೇಶನ ಕೈ ಹಿಡಿದು, ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳಪ್ಪ ಎಂದು ಹರಸಿದೆ. ಇಡೀ ಚಪ್ಪರ ನಕ್ಕಿತು. ಆ ಹುಡುಗ ಅಂದಿನಿಂದ ತನಗೂ ಹೆಣ್ಣು ನೋಡಿ ಅಂತ ಮನೆಯಲ್ಲಿ ಕೂತಿದ್ದಾನಂತೆ. ತಮಾಷೆಗೆ ಸಮಯ ಸಂದರ್ಭ ನೋಡದವನು ನೀನು.

ಈಗ ಕಲ್ಲು.

ಬೀಗರನ್ನು ಬಸ್ಸು ಹತ್ತಿಸಿದ ಮೇಲೆ ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ನಿನ್ನದನ್ನು ಎಂದಿನಂತೆ ಟ್ಯೂಬ್‌ಲೈಟಿಗೆ ಹಿಡಿದು ಬೆನ್ನ ಕಡೆಯಿಂದ ನೋಡಿದೆ. ಲೆಕ್ಕ ಹಾಕಿದೆ. ಕಲ್ಲು ಹನ್ನೆರಡು ಸಾವಿರ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು ಎಂದು ಬಂತು. ಅಷ್ಟು ಹತ್ತಿರ ಬಂದಿದ್ದರೆ ಚಪ್ಪರದ ಬಾಳೆಕಂದು ತಲೆ ಎತ್ತಿ ನೋಡುತ್ತಿತ್ತು. ಮತ್ತೆ ಹಾಕಿದೆ, ಅದೇ ಬಂತು. ಲಾಗ್ ಟೇಬಲ್ಲಿನ ಮೇಲೆ ಅನುಮಾನ ಬಂತು, ನನ್ನ ಬಿ.ಎ. ಮೇಲೆ ಅನುಮಾನ ಬಂತು. ಆಮೇಲೆ ಸುಮ್ಮನೆ, ಬೇರೇನೂ ತೋಚದೆ, ನಿನ್ನ ಕಾಗದವನ್ನು ತಿರುಗಿಸದೆ ಹಾಗೆಯೇ ಮೇಜಿನ ಮೇಲಿಟ್ಟು ಲೆಕ್ಕ ಹಾಕಿದೆ.

ಐದು ಲಕ್ಷದ ಹತ್ತು ಸಾವಿರ ಕಿಲೋಮೀಟರ್.

ವಾಹಿದ್, ಅಳೆದುಬಿಟ್ಟಿದ್ದೇವೆ. ದೊಡ್ಡ ದೊಡ್ಡ ಯಂತ್ರದವರು ಐದೂವರೆ ಅಂದದ್ದನ್ನು ಎರಡು ಪೈಪು, ಒಂದು ರೇಡಿಯೋ ವಾರ್ತೆ ಸೇರಿ ಐದು ಅಂದಿವೆ. ನಾನು ಡೇರಿಯೊಳಗೆ ಒಬ್ಬನೇ ಎದ್ದು ನಿಂತೆ. ಹಾಲು ತಂದಿದ್ದ ಮಾದಮ್ಮ ನನ್ನ ಮುಖ ನೋಡಿ, “ಯಾಕಣ್ಣ, ನನ್ ಹಾಲ್ನಾಗೆ ಏನಾರ ಸಿಕ್ತಾ?” ಅಂದಳು. ನಿನ್ನ ಹಾಲಲ್ಲೇನೂ ಇಲ್ಲ ತಾಯಿ ಅಂದೆ.

ಸಿಕ್ಕಿದ್ದು ನಿನ್ನ ಚಿತ್ರದಲ್ಲಿ. ಹನ್ನೊಂದು ವರ್ಷ ಉಲ್ಟಾ ಬರೆದ ಕೈ ಒಂದೇ ಸಂಜೆಯಲ್ಲಿ ನೆಟ್ಟಗಾಗುವುದಿಲ್ಲ. ಅಲ್ಲದೆ ಈ ನಕ್ಷತ್ರಗಳು ದುಂಡಗಿವೆ. ದೊಡ್ಡದು ದೊಡ್ಡದಾಗಿ, ಸಣ್ಣದು ಸಣ್ಣದಾಗಿ, ಒಂದೂ ತುಳಿದ ಸಾಸಿವೆಯ ಹಾಗಿಲ್ಲ. ಇದು ನಿನ್ನ ಕೈಯಲ್ಲ. ಹಾಲಿಗೆ ನೀರು ಬೆರೆತದ್ದನ್ನು ಹಿಡಿಯುವವನು, ಚಿತ್ರಕ್ಕೆ ಬೇರೆ ಕೈ ಬೆರೆತದ್ದನ್ನು ಹಿಡಿಯಲಾರನೇ? ಮೈಸೂರಿನ ಕಾಲೇಜು ಹುಡುಗನಿಗೆ ಹೇಳಿ ಬರೆಸಿದೆಯಾ? ಅವತ್ತು ನೀನು ಮಹಡಿಗಾದರೂ ಹತ್ತಿದ್ದೆಯಾ?

ಬೆಂಗಳೂರಿನ ಪತ್ರಿಕೆಗೆ ಕಳಿಸಬೇಕಾದ ಕಾಗದದಲ್ಲಿ ನೋಡಿದವರ ಹೆಸರು ಎಂದೊಂದು ಸಾಲಿದೆ. ಅಲ್ಲಿ ಸುಳ್ಳು ಬರೆಯಲಾರೆ. ಹೊಣಕೆರೆಯ ಚಿತ್ರವನ್ನೂ ನಿನಗೆ ಕಳಿಸುತ್ತಿದ್ದೇನೆ, ಎರಡನ್ನೂ ಪಕ್ಕದಲ್ಲಿಟ್ಟು ನೀನೇ ನೋಡು. ಮೂಲೆಯಲ್ಲಿ ಅರಿಸಿನದ ಕಲೆ ಇದೆ, ಮದುವೆ ಮನೆ, ಎಲ್ಲಕ್ಕೂ ಅರಿಸಿನವೇ. ಅದರ ವಿಷಯದಲ್ಲಿ ಯಾರಿಗೂ ಯಾವ ಅನುಮಾನವೂ ಬೇಡ.

ನಿಜ ಹೇಳು.

ಚಿಕ್ಕಸ್ವಾಮಿ


ಬಾಬುರಾಯನಕೊಪ್ಪಲು
25 ಫೆಬ್ರವರಿ 1998

ಪ್ರಿಯ ಸ್ವಾಮಿ,

ಅಕ್ಷರ ನೋಡಿ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಪರ್ವೀನ್ ಬರೆಯುತ್ತಿದ್ದಾಳೆ. ನನ್ನ ಬಲಗಣ್ಣಿಗೆ ಬಟ್ಟೆ ಕಟ್ಟಿದ್ದಾರೆ.

ಪೊರೆ ಸ್ವಾಮಿ. ಸಕ್ಕರೆ ಕಾಯಿಲೆ ಇರುವವರಿಗೆ ಬೇಗ ಬರುತ್ತದಂತೆ. ಒಂದು ವರ್ಷದಿಂದ ಬೆಳೆಯುತ್ತಿತ್ತು. ನೋಡುವ ಕಣ್ಣೇ ಅದು, ಎಡಗಣ್ಣು ಮೊದಲಿನಿಂದಲೂ ಹೆಸರಿಗೆ ಮಾತ್ರ ಅಂತ ನಿನಗೆ ಗೊತ್ತು. ಪಾಂಡವಪುರದ ಆಲೆಮನೆಗಳಿಗೆ ನಾನು ಕ್ಷಮೆ ಕೇಳಬೇಕು. ಹೊಗೆ ಅಲ್ಲಿರಲಿಲ್ಲ, ನನ್ನೊಳಗಿತ್ತು.

ಯಾರಿಗೂ ಹೇಳಲಿಲ್ಲ. ಕನ್ನಡಕದ ಅಂಗಡಿಯವನಿಗೇ ಕಣ್ಣು ಕಾಣುವುದಿಲ್ಲ ಅಂದರೆ ಗಾಜಿನ ಬಾಗಿಲು ತಳ್ಳಿಕೊಂಡು ಯಾರು ಬರುತ್ತಾರೆ? ನಿನಗೂ ಹೇಳಲಿಲ್ಲ. ನೀನು ಎರಡನೇ ಕಣ್ಣು ಅಂತ ಬರೆದಿದ್ದೆ. ಅದನ್ನು ಓದಿಸಿಕೊಂಡು ಕೇಳಿದ ಮೇಲೆ ಹೇಗೆ ಹೇಳಲಿ?

(ಓದಿಸಿಕೊಂಡಿದ್ದು ನನ್ನ ಹತ್ತಿರ ಅಣ್ಣ. ಪ್ರಾಸ ಬಂದಾಗ ಎರಡೆರಡು ಸಾರಿ ಓದಬೇಕಿತ್ತು. ಪರ್ವೀನ್.)

ಕೃತ್ತಿಕೆ ನೋಡಿ ಬರೆದದ್ದಲ್ಲ, ನೆನಪಿನಿಂದ ಬರೆದದ್ದು. ಹನ್ನೊಂದು ವರ್ಷ ಬರೆದಿದ್ದೇನೆ, ಕೈಗೇ ಗೊತ್ತು. ಆದರೆ ಹಾಯುವ ಕಲ್ಲನ್ನು ನೆನಪಿನಿಂದ ಬರೆಯುವುದಕ್ಕೆ ಆಗುವುದಿಲ್ಲವಲ್ಲ. ಪಾಂಡವಪುರದ ಶಿಬಿರದಲ್ಲಿ ಅಕ್ಕಪಕ್ಕ ಕೂತಿದ್ದ ಇಬ್ಬರು ಅಜ್ಜಂದಿರಿಗೆ ಕನ್ನಡಕ ಅದಲುಬದಲು ಕೊಟ್ಟೆ. ಡಾಕ್ಟರು ನನ್ನನ್ನೇ ಕೂರಿಸಿ ದೀಪ ಬಿಟ್ಟು ನೋಡಿದರು. “ಏನ್ರೀ ವಾಹಿದ್, ಮೇಜಿನ ಆ ಕಡೆ ಕೂತ್ಕೋಬೇಕಾದೋರು ನೀವು” ಅಂದರು. ಅವತ್ತೇ ಆಪರೇಷನ್ನಿಗೆ ತಾರೀಕು ಕೊಟ್ಟರು. ಕಲ್ಲು ಹೋಗಲಿ, ಮದುವೆ ಆಗಲಿ, ಆಮೇಲೆ ಅಂದೆ.

ಲೋಕೇಶನ ಹತ್ತಿರ ನನ್ನ ಪರವಾಗಿ ಮಾತಾಡು. ತಮಾಷೆ ಅಲ್ಲ, ಹಾರ ಕಂಡದ್ದು ಅವನ ಕೊರಳಲ್ಲಿ.

(ಅದು ಹಾರ ಅಲ್ಲ ಅಣ್ಣ, ಕ್ಯಾಮರಾದ ಬೆಲ್ಟು.)

ಕಾಲೇಜು ಹುಡುಗ ಯಾರೂ ಇರಲಿಲ್ಲ. ಅವತ್ತು ನಾನು ಮಹಡಿಯ ಮೇಲೇ ಇದ್ದೆ. ಪೈಪು ತಿರುಗಿಸಿ ಕೊಟ್ಟೆ, ರೇಡಿಯೋ ಹಚ್ಚಿದೆ. ನೋಡಿದವಳು, ಬರೆದವಳು ಪರ್ವೀನ್.

(ಇವರು ಪಕ್ಕದಲ್ಲಿ ಕೂತು “ಕಾಣ್ತದಾ, ಕಾಣ್ತದಾ” ಅಂತ ತಲೆ ತಿಂದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ನಕ್ಷತ್ರಗಳ ಮಧ್ಯೆ ಒಂದು ಚುಕ್ಕಿ ಸುಮ್ಮನೆ ನಡೆದುಕೊಂಡು ಹೋಗುತ್ತಿತ್ತು. ಇವರಿಗೆ ಹೇಳಿದೆ. ಇವರು ಅತ್ತರು. ಇದನ್ನು ಬರೆಯಬೇಡ ಅನ್ನುತ್ತಿದ್ದಾರೆ, ಬರೆದಾಯಿತು.)

ಸುಳ್ಳು ಬರೆಯಲಾರೆ ಅಂದೆ. ಸರಿಯೇ. ನನ್ನ ಹೆಸರು ತೆಗೆದುಹಾಕು. ಆದರೆ ಅಳತೆಯನ್ನು ಎಸೆಯಬೇಡ. ಅಧ್ಯಕ್ಷ ಸ್ಥಾನಕ್ಕೆ ಬೆಕ್ಕು ಆಗಬಹುದು, ಅದಕ್ಕೆ ಕತ್ತಲಲ್ಲೂ ಕಾಣುತ್ತದೆ.

ಏಪ್ರಿಲ್ ಹೊತ್ತಿಗೆ ಕಣ್ಣು ಪೂರ್ತಿ ಸರಿಹೋಗುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಬಟ್ಟೆಯನ್ನು ನಿನ್ನೆ ಒಂದು ಸಾರಿ ಬಿಚ್ಚಿ ಕಟ್ಟಿದರು. ಆ ಒಂದು ನಿಮಿಷದಲ್ಲಿ ಕಿಟಕಿಯ ಹೊರಗೆ ಪರ್ವೀನ್ ಒಣಹಾಕಿದ್ದ ಸೀರೆ ಕಂಡಿತು. ಅದು ನೀಲಿ ಸ್ವಾಮಿ. ಒಂದು ವರ್ಷದಿಂದ ಬೂದಿ ಬಣ್ಣ ಅಂದುಕೊಂಡಿದ್ದೆ.

ನಿನ್ನ,
ವಾಹಿದ್

ಅಣ್ಣ, ಇದು ನಾನು. ಇವರು ಮಲಗಿದ್ದಾರೆ. ನೀವು ಕಳಿಸಿದ ಹೊಣಕೆರೆಯ ಚಿತ್ರವನ್ನು ನಾನು ತುಂಬ ಹೊತ್ತು ನೋಡಿದೆ. ಮೂಲೆಯ ಅರಿಸಿನದ ಕಲೆ ಹೆಬ್ಬೆರಳಿನದು, ಸಣ್ಣ ಕೈಯದು. ನಕ್ಷತ್ರಗಳನ್ನು ರಂಗೋಲಿಗೆ ಇಡುವ ಹಾಗೆ ಸಾಲು ಹಿಡಿದು ಇಟ್ಟಿದ್ದಾರೆ. ಇವರಿಗೆ ಏನೂ ಹೇಳಿಲ್ಲ. ಪ್ರಮೀಳಕ್ಕನಿಗೆ ನನ್ನ ಸಲಾಂ ಹೇಳಿ.
ಪರ್ವೀನ್


ಹೊಣಕೆರೆ
4 ಮಾರ್ಚ್ 1998

ಮಾನ್ಯ ನ್ಯಾಯಾಧೀಶರೇ, ಪಂಚಾಯ್ತಿಯ ಹಿರಿಯರೇ, ಸಾಕ್ಷಿಗಳೇ, ಕುತೂಹಲದಿಂದ ಕತ್ತು ಚಾಚಿರುವ ಸಾರ್ವಜನಿಕರೇ,

ನಾಗಮಂಗಲ–ಶ್ರೀರಂಗಪಟ್ಟಣ ಗಗನ ವೀಕ್ಷಕರ ಸಂಘದ ಶಿಸ್ತು ಸಮಿತಿಯ ತುರ್ತು ಸಭೆ ಇಂದು ಡೇರಿಯ ಆವರಣದಲ್ಲಿ ಸೇರಿದೆ. ಬೆಕ್ಕನ್ನು ವಾಪಸು ಕರೆಸಲಾಗಿದೆ.

ಆಪಾದಿತರು: ಅಧ್ಯಕ್ಷ ಅಬ್ದುಲ್ ವಾಹಿದ್. ಒಂದನೆಯ ಆರೋಪ, ಕಣ್ಣಿನ ಪೊರೆಯನ್ನು ಆಲೆಮನೆಗಳ ಮೇಲೆ ಹೊರಿಸಿ ಬೆಲ್ಲ ಕಾಯಿಸುವ ಸಜ್ಜನರ ಹೆಸರು ಕೆಡಿಸಿದ್ದು. ಎರಡನೆಯದು, ಕೃತ್ತಿಕೆಯನ್ನು ನೋಡದೆ ಬರೆದದ್ದು. ಮೂರನೆಯದು, ಮದುವೆಯ ಯೋಚನೆಯೇ ಇಲ್ಲದಿದ್ದ ಹುಡುಗನಿಗೆ ಹೆಂಡತಿಯ ಆಸೆ ಹುಟ್ಟಿಸಿದ್ದು. ನಾಲ್ಕನೆಯದು ಮತ್ತು ಅತ್ಯಂತ ಘೋರವಾದದ್ದು, ಹನ್ನೊಂದು ವರ್ಷದ ಗೆಳೆಯನಿಗೆ ಕಣ್ಣು ಕಾಣುವುದಿಲ್ಲ ಎಂದು ಹೇಳದೆ, ಅವನು ಗಾಜಿನ ಬಾಗಿಲು ಅದು ಇದು ಎಂದು ಹಂಗಿಸಿ ಬರೆಯುವಂತೆ ಮಾಡಿದ್ದು. ನಿನ್ನ ಕಾಗದ ಓದಿದ ದಿನ ನಾನು ಹಾಲು ಅಳೆಯುವಾಗ ಮರಿಯಯ್ಯನಿಗೆ ಎರಡು ಲೀಟರ್ ಹೆಚ್ಚಿಗೆ ಬರೆದುಬಿಟ್ಟೆ. ಅವನು ಇನ್ನೂ ನನ್ನನ್ನು ಹರಸುತ್ತಿದ್ದಾನೆ.

ಆಪಾದಿತರ ಪರವಾಗಿ ಸಮಿತಿ ಪರಿಗಣಿಸಿದ ಅಂಶಗಳು: ಸೀರೆ ನೀಲಿಯಾಗಿ ಕಂಡಿದೆ. ಏಪ್ರಿಲ್ ಹೊತ್ತಿಗೆ ಕಣ್ಣು ಪೂರ್ತಿ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ. ಹಾಗಾದರೆ ಯುಗಾದಿ ಕಳೆದ ಮೇಲೆ ನಾನೂ ಪ್ರಮೀಳೆಯೂ ನಿಮ್ಮ ಮಹಡಿಗೆ ಬರುತ್ತೇವೆ. ಬಿದಿಗೆಯ ಚಂದ್ರನನ್ನು ನಮಗೆ ನೀನೇ ತೋರಿಸಬೇಕು, ಪರ್ವೀನ್ ಬೆರಳು ಮಾಡದೆ.

ಕಣ್ಣಿಗೆ ಬಂದ ಪೊರೆ ಕಳಚಿತು ಕೊನೆಗೆ,
ಬಣ್ಣವು ಬಂತು ಒಣಹಾಕಿದ ಸೀರೆಗೆ.

ಆದಾಗ್ಯೂ, ಸತ್ಯವೆಂಬುದು ವಿಜ್ಞಾನದ ತಳಹದಿ. ಬೇರೊಬ್ಬರು ನೋಡಿದ್ದನ್ನು ತಾನು ನೋಡಿದೆನೆಂದು ಸಲ್ಲಿಸುವ ಸದಸ್ಯನನ್ನು ಸಂಘ ಸಹಿಸದು. ಕಾರ್ಯದರ್ಶಿಯಾದ ನಾನು, ಸ್ವಂತ ಕಣ್ಣಿನಿಂದ ನೋಡಿ, ಸ್ವಂತ ಕೈಯಿಂದ ಬರೆದು, ಸಂಘದ ಘನತೆಯನ್ನು ಎತ್ತಿ ಹಿಡಿದವನಾಗಿ, ಆಪಾದಿತರಿಗೆ ಈ ಮೂಲಕ

ಥೂ, ಇರಲಿ ಬಿಡು.

ಪರ್ವೀನ್ ಎಲ್ಲ ಕಂಡುಹಿಡಿದುಬಿಟ್ಟಿದ್ದಾಳೆ. ಇವತ್ತಲ್ಲ ನಾಳೆ ನಿನಗೂ ಹೇಳುತ್ತಾಳೆ. ಹೊಣಕೆರೆಯ ಚಿತ್ರ ಬರೆದದ್ದು ಪ್ರಮೀಳಾ. ಅವ್ವನ ಷರತ್ತು ಅದೇ ಆಗಿತ್ತು, ಕಂಕಣ ಕಟ್ಟಿದ ಕಲ್ಲನ್ನು ಮುತ್ತೈದೆಯರು ಮಾತ್ರ ತಿರುಗಿಸಬಹುದು, ಗಂಡಸರು ಮುಟ್ಟುವಂತಿಲ್ಲ. ಮುಟ್ಟುವುದಿಲ್ಲ, ಬರೀ ಕಣ್ಣಿಟ್ಟು ನೋಡುತ್ತೇನೆ ಎಂದು ಗೋಗರೆದೆ. “ಕಣ್ ಮಡಗ್ದಾಗ ನಿನ್ ಮೂಗ ಎಲ್ ಮಡಗೀಯೆ?” ಅಂದಳು ಅವ್ವ. ಐದು ಜನ ಹೆಂಗಸರು ಕಲ್ಲಿನ ಸುತ್ತ ನಿಂತು ಗೂಟ ತಿರುಗಿಸಿದರು. ಪ್ರಮೀಳಾ ಅರಿಸಿನದ ಕೈಯಲ್ಲೇ ಪೆನ್ಸಿಲ್ ಹಿಡಿದು ಬರೆದಳು. ಕಲ್ಲು ಹೇಗಿತ್ತು ಎಂದು ಕೇಳಿದರೆ, “ಯಾರೋ ಬ್ಯಾಟ್ರಿ ಹಿಡ್ಕೊಂಡು ಗದ್ದೆ ಬದಿನ ಮೇಲೆ ಬಿರಬಿರನೆ ಹೋಗ್ತಿದ್ದಂಗಿತ್ತು ಕಣ್ರೀ” ಅಂದಳು.

ಬೆಂಗಳೂರಿಗೆ ಇವತ್ತು ಕಾಗದ ಹಾಕಿದೆ. ನೋಡಿದವರು: ಪ್ರಮೀಳಾ, ಹೊಣಕೆರೆ. ಪರ್ವೀನ್, ಬಾಬುರಾಯನಕೊಪ್ಪಲು.

ನಾನು ಚಪ್ಪರದ ಆ ಕೊನೆಯ ಕಂಬದ ಹತ್ತಿರ ರೇಡಿಯೋ ಹಿಡಿದುಕೊಂಡು ನಿಂತಿದ್ದೆ. ಕಲ್ಲನ್ನು ನಾನೂ ನೋಡಲಿಲ್ಲ ಕಣ್ಲಾ.